ಕೋಡಿ ಇಲ್ಲದ ಕೆರೆ

ಉಪಗ್ರಹದ ಚಿತ್ರದಲ್ಲಿ ಹಸಿರು ಹಸಿರಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಈ ಕಸುಬಿನವರಿಗೆ ಅದು ಮೊದಲ ದಿನದ ಪಾಠ. ಪೈರು, ಗಿಡ, ಹುಲ್ಲು ಎಲ್ಲ ಕೆಂಪು, ನೀರು ಕಪ್ಪು, ಬರಿಯ ನೆಲ ಬೂದಿ ಬಣ್ಣ. ಇದೆಲ್ಲ ಗೊತ್ತಿದ್ದೂ, ಆ ಫೆಬ್ರುವರಿ ತಿಂಗಳ ಚಿತ್ರವನ್ನು ಕೆಳಗಿನಿಂದ ಬೆಳಕು ಬೀಳುವ ಮೇಜಿನ ಮೇಲೆ ಹರಡಿದಾಗ, ಯಾರೋ ಕೆರೆಯ ಮೈಯನ್ನು ಕೆರೆದು ಗಾಯ ಮಾಡಿದ್ದಾರೆ ಎಂದೇ ನನಗೆ ಅನ್ನಿಸಿತು. ಸುತ್ತ ಮೈಲಿಗಟ್ಟಲೆ ಬೂದಿ ಬಣ್ಣ. ನಡುವೆ ಒಂದಿಷ್ಟು ಕಪ್ಪು ನೀರು. ಆ ನೀರಿನ ಅಂಚಿಗೆ, ಒಣಗಿದ ಕೆರೆಯ ಅಂಗಳದ ತುಂಬ, ಸಾಲುಸಾಲು ಕೆಂಪು ಚೌಕಗಳು.

"ನುಂಗ್ಯಾರ ನೋಡು, ಪೂರಾ ನುಂಗ್ಯಾರ," ಎಂದು ನಾನು ಗಟ್ಟಿಯಾಗಿ ಕನ್ನಡದಲ್ಲೇ ಅಂದುಬಿಟ್ಟೆ. ಪಕ್ಕದ ಮೇಜಿನವಳು ತಲೆಯೆತ್ತಿ ನೋಡಿದಳು.

ತೊಂಬತ್ತರ ದಶಕದ ನಡುವಿನ ಮಾತು. ವಾಷಿಂಗ್ಟನ್ನಿನ ಹೊರವಲಯದಲ್ಲಿ, ಊರನ್ನು ಸುತ್ತುವ ಬೆಲ್ಟ್‌ವೇ ಹೆದ್ದಾರಿಗೆ ಅಂಟಿಕೊಂಡಂತಿದ್ದ ಕಟ್ಟಡದ ಐದನೇ ಮಹಡಿಯಲ್ಲಿ ನಾನು ನಕ್ಷೆ ಮಾಡುವ ಕೆಲಸಕ್ಕಿದ್ದೆ. ಸಣ್ಣ ಸಲಹಾ ಸಂಸ್ಥೆ. ದೂರದ ದೇಶಗಳ ಸರ್ಕಾರಗಳಿಗೆ, ನಿಮ್ಮ ಕಾಡನ್ನೂ ಹೊಳೆಯನ್ನೂ ಜೌಗನ್ನೂ ಹೀಗೆ ಉಳಿಸಿಕೊಳ್ಳಿ ಎಂದು ವರದಿ ಬರೆದುಕೊಡುತ್ತಿದ್ದೆವು. ಬರೆಯುವವರಲ್ಲಿ ಹೆಚ್ಚಿನವರು ಆ ಜಾಗ ನೋಡಿರುತ್ತಿರಲಿಲ್ಲ. ನಾನಂತೂ ನಮ್ಮ ಅಪಾರ್ಟ್‌ಮೆಂಟಿನಿಂದ ಆಫೀಸಿಗೆ ಹೋಗುವ ಎಕ್ಸಿಟ್ ಬಿಟ್ಟು ಬೇರೆ ಎಕ್ಸಿಟ್ ಹಿಡಿದರೆ ದಾರಿ ತಪ್ಪುವವಳು. ಅಂಥವಳು ಕೂತು ಪಶ್ಚಿಮ ಆಫ್ರಿಕದ, ಸಹಾರದ ಅಂಚಿನ ಒಂದು ದೊಡ್ಡ ಸರೋವರಕ್ಕೆ ಗಡಿ ಗೆರೆ ಎಳೆಯುತ್ತಿದ್ದೆ.

ಗಡಿ ಎಳೆಯಲು ನನ್ನ ಹತ್ತಿರ ಇದ್ದದ್ದು ಎರಡು ಚಿತ್ರ. ಒಂದು ಅಕ್ಟೋಬರಿನದು, ಸರೋವರ ತುಂಬಿ ನಿಂತಾಗಿನದು. ಇನ್ನೊಂದು ಫೆಬ್ರುವರಿಯದು, ನೀರು ಇಳಿದಾಗಿನದು. ಒಂದರ ಮೇಲೆ ಒಂದನ್ನಿಟ್ಟರೆ, ಫೆಬ್ರುವರಿಯ ಹೊಲಗಳೆಲ್ಲ ಅಕ್ಟೋಬರಿನ ನೀರಿನ ಒಳಗೇ ಬೀಳುತ್ತಿದ್ದವು. ನನಗೆ ಇನ್ನೇನು ಬೇಕಿತ್ತು? ನಕ್ಷೆಯ ಮೂಲೆಯಲ್ಲಿ ಬಣ್ಣಗಳ ವಿವರ ಬರೆಯುವ ಚೌಕದಲ್ಲಿ ಆ ಕೆಂಪಿನ ಪಕ್ಕ ಒಂದೇ ಪದ ಬರೆದೆ: ಎನ್‌ಕ್ರೋಚ್‌ಮೆಂಟ್. ಒತ್ತುವರಿ.

ಈ ಪದ ಅಮೆರಿಕದವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ. ಅದು ನಮ್ಮ ತಾಲೂಕು ಕಚೇರಿಯ ಇಂಗ್ಲಿಷು. ನಮ್ಮಪ್ಪ ಹಾವೇರಿ ಕಡೆ ಸಣ್ಣ ನೀರಾವರಿ ಇಲಾಖೆಯಲ್ಲಿದ್ದರು; ಬದುಕಿಡೀ ಕೆರೆ ಅಳೆದವರು. ಬೇಸಿಗೆಯಲ್ಲಿ ಕೆರೆ ಒಣಗಿದ್ದೇ ತಡ, ಅಂಚಿನ ಹೊಲದವರು ಬದುವನ್ನು ಒಂದು ಮಾರು ಒಳಗೆ ಸರಿಸುತ್ತಿದ್ದರು. ಮುಂದಿನ ವರ್ಷ ಇನ್ನೊಂದು ಮಾರು. ಅಪ್ಪ ಸರಪಳಿ ಹಿಡಿದು ಹೋಗಿ ಗಡಿಕಲ್ಲು ನೆಡಿಸಿ ಬರುವರು; ವಾರದೊಳಗೆ ಕಲ್ಲು ಮಾಯ. ಒಂದು ಕಲ್ಲನ್ನಂತೂ ಊರ ಹಿರಿಯರೊಬ್ಬರು ಬಚ್ಚಲಿಗೆ ಹಾಕಿಸಿಕೊಂಡಿದ್ದರು. ದೂರು ಕೊಟ್ಟದ್ದಕ್ಕೆ ಅಪ್ಪನಿಗೇ ವರ್ಗ. ಬೇಲಿಯೇ ಎದ್ದು ಹೊಲ ಮೇಯುವ ಆಟ ನಾನು ಸಣ್ಣವಳಿದ್ದಾಗಿನಿಂದ ನೋಡಿದವಳು. ಹಾಗಾಗಿ ಕೆರೆಯ ಅಂಗಳದಲ್ಲಿ ಪೈರು ಕಂಡರೆ ನನಗೆ ಬರುವುದು ಸಿಟ್ಟು ಒಂದೇ. ಆ ಪದವನ್ನು ನಾನು ಹಲ್ಲು ಕಡಿದುಕೊಂಡು ಬರೆದೆ, ಅಪ್ಪನ ಪರವಾಗಿ ಬರೆದೆ.

ನಮ್ಮ ಬಾಸ್ ಪಕ್ಷಿಗಳ ಹುಚ್ಚಿನ ಮನುಷ್ಯ, ಕುತ್ತಿಗೆಗೆ ದುರ್ಬೀನು ಹಾಕಿಕೊಂಡೇ ಮೀಟಿಂಗಿಗೆ ಬರುತ್ತಿದ್ದ. ಆ ಸರೋವರ ಪಕ್ಷಿಧಾಮವಾಗಬೇಕು ಎನ್ನುವುದು ಅವನ ಆಸೆ. ನನ್ನ ನಕ್ಷೆ ನೋಡಿ ಎಲ್ಲರ ಮುಂದೆ ಹೊಗಳಿದ.

"ಅಲ್ಲಿಯ ಮಿನಿಸ್ಟ್ರಿಯವರಿಗೆ ಇದು ಬಹಳ ಹಿಡಿಸುತ್ತೆ. ಅವರಿಗೆ ಬೇಕಾಗಿದ್ದೇ ಇಂಥ ಒಂದು ಗೆರೆ," ಅಂದ.

ಆಗ ಆ ಮಾತು ನನಗೆ ಹೊಗಳಿಕೆಯಾಗಿ ಕೇಳಿಸಿತು. ಅವರಿಗೆ ಗೆರೆ ಯಾಕೆ ಬೇಕಾಗಿತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಮ್ಮಿಬ್ಬರ, ಅಂದರೆ ನನ್ನ ಮತ್ತು ಗಂಡನ, ಗ್ರೀನ್ ಕಾರ್ಡಿನ ಅರ್ಜಿ ಈ ಆಫೀಸಿನಿಂದಲೇ ಹೋಗಬೇಕಿತ್ತು. ಗಂಡ ಆಗ ಒಂದು ಲ್ಯಾಬಿನಲ್ಲಿ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಕೆಲಸದಲ್ಲಿದ್ದರು. ನಾವು ಈ ದೇಶದಲ್ಲಿ ಉಳಿಯುವುದು ಬಾಸ್‌ನ ಒಂದು ಸಹಿಯ ಮೇಲೆ ನಿಂತಿತ್ತು. ಹೊಗಳಿದನಲ್ಲ, ಇನ್ನು ಸಹಿಯೂ ಬೀಳುತ್ತದೆ ಎಂದು ನಾನು ಗಾಳಿಯಲ್ಲಿ ತೇಲುತ್ತ ಮನೆಗೆ ಹೋದೆ.

ಭಾನುವಾರ ಊರಿಗೆ ಫೋನು. ಅಪ್ಪನಿಗೆ ಹೆಮ್ಮೆಯಿಂದ ಎಲ್ಲ ಹೇಳಿದೆ.

"ಛಲೋ ಮಾಡಿದಿ ಯವ್ವಾ," ಅಂದರು. "ಏರಿ ಎಷ್ಟು ಉದ್ದ ಐತಿ ಆ ಕೆರಿದು?"

"ಏರಿ ಇಲ್ಲಪ್ಪಾ."

"ಮತ್ತ ಕೋಡಿ ಯಾವ ಕಡೆ?"

ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಬಾಯಿ ಕೋಡಿ. ಕೋಡಿಯ ಮಟ್ಟವೇ ಕೆರೆಯ ಮಟ್ಟ. ಗಡಿ ಹಾಕುವವರು ಮೊದಲು ನೋಡುವುದು ಅದನ್ನೇ. ನಾನು ಆ ಚಿತ್ರಗಳಲ್ಲಿ ಅದನ್ನು ಹುಡುಕಿಯೇ ಇರಲಿಲ್ಲ.

"ಕೋಡೀನೂ ಕಾಣಂಗಿಲ್ಲಪ್ಪಾ."

"ಕೋಡಿ ಇಲ್ಲದ ಕೆರಿಗೆ ಗಡಿ ಹ್ಯಾಂಗ ಹಾಕಿದಿ?" ಎಂದರು ಅಪ್ಪ.

ನನಗೆ ಸಿಟ್ಟು ಬಂತು. ನಿವೃತ್ತರಾದರೂ ಇವರ ಇನ್‌ಸ್ಪೆಕ್ಷನ್ ಮುಗಿದಿಲ್ಲ, ಇಲ್ಲಿ ಉಪಗ್ರಹ ಅದ, ಕಂಪ್ಯೂಟರ್ ಅದ, ನಿಮ್ಮ ಸರಪಳಿ ಕಾಲ ಹೋಯ್ತು ಎಂದು ರೇಗಿ ಫೋನಿಟ್ಟೆ. ಆದರೆ ಅಪ್ಪನ ಪ್ರಶ್ನೆ ಆ ದಿನವೆಲ್ಲ ತಲೆಯಿಂದ ಇಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡ, "ಏನ, ಮಾರಿ ಹಿಂಗ ಯಾಕ ಮಾಡೀ?" ಎಂದು ಕೇಳಿದರೆ ಅವರ ಮೇಲೂ ಹಾರಿದೆ.

ಆಫೀಸಿಗೆ ವಾರದಲ್ಲಿ ಮೂರು ದಿನ ಬರುತ್ತಿದ್ದ ಫ್ರೆಂಚ್ ಅನುವಾದಕರೊಬ್ಬರಿದ್ದರು. ಐವತ್ತರ ಆಚೆಯವರು, ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ಸಿಲ್ಲು. ಯಾರ ಕಾಗದ ಕೈಗೆ ಬಂದರೂ ತಪ್ಪು ಹುಡುಕಿ ಗೆರೆ ಎಳೆಯುವ ಚಟ. ಅದಕ್ಕೇ ನಾನು ಮನಸ್ಸಿನಲ್ಲಿ ಅವರನ್ನು ಮಾಸ್ತರರು ಎಂದು ಕರೆಯುತ್ತಿದ್ದೆ. ಅವರು ಆ ಸರೋವರದ ದೇಶದವರೆಂದು ಎಲ್ಲರಿಗೂ ಗೊತ್ತಿತ್ತು. ಆ ದಂಡೆಯವರೇ ಎಂದು ಯಾರಿಗೂ ಗೊತ್ತಿರಲಿಲ್ಲ. ಅವರು ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ಅನುವಾದಕರು. ಅವರನ್ನು ಕೇಳುವುದೇನಿದೆ ಎನ್ನುವುದು ಆಫೀಸಿನ ಧೋರಣೆ, ನನ್ನದೂ ಅದೇ.

ಬುಧವಾರ ಮಧ್ಯಾಹ್ನ ಅವರು ವರದಿಯ ಕರಡು ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಒಂದು ಪದದ ಕೆಳಗೆ ಪೆನ್ಸಿಲಿನ ಗೆರೆಯಿತ್ತು. ನಮ್ಮ ಮಾತು ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡದಲ್ಲೇ ಉಳಿದಿದೆ.

"ಮದಾಮ್, ಈ ಪದವನ್ನ ಡಿಕ್ಷನರಿಯಲ್ಲಿ ನೋಡಿದೆ. ಇನ್ನೊಬ್ಬರ ಜಾಗದೊಳಗೆ ಮೆಲ್ಲಗೆ ಕಾಲಿಡೋದು ಅಂತ ಇದೆ. ಇಲ್ಲಿ ಆ ಇನ್ನೊಬ್ಬರು ಯಾರು?"

"ಸರೋವರ," ಎಂದೆ. "ಜನ ಸರೋವರದ ಜಾಗ ಕದ್ದಿದ್ದಾರೆ. ನಮ್ಮ ದೇಶದಲ್ಲೂ ಹೀಗೇ ಮಾಡುತ್ತಾರೆ. ಇಂಥ ಕಳ್ಳರನ್ನ ನಾನು ಚೆನ್ನಾಗಿ ಬಲ್ಲೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಮೇಜಿನ ಮೇಲಿದ್ದ ನಕ್ಷೆಯ ಮೇಲೆ ಬಗ್ಗಿ ಬಹಳ ಹೊತ್ತು ದಾರಿ ಹುಡುಕಿದರು. ನದಿ ಸರೋವರಕ್ಕೆ ಸೇರುವ ಕಡೆಯಿಂದ ಬೆರಳು ಸರಿಸುತ್ತ ಬಂದು ಒಂದು ಕೆಂಪು ಚೌಕದ ಮೇಲೆ ನಿಲ್ಲಿಸಿದರು.

"ಇದು ಬಹುಶಃ ನನ್ನ ಅಕ್ಕನ ಹೊಲ," ಎಂದರು.

ಆಮೇಲೆ ಅವರು ಹೇಳಿದ್ದನ್ನು ನಾನು ಕೇಳುತ್ತ ಕೂತೆ. ದಕ್ಷಿಣದಲ್ಲೆಲ್ಲೋ ಮಳೆ ಬಿದ್ದು, ನದಿ ತುಂಬಿ, ಅದು ಈ ಸರೋವರ ಸೇರುವ ಹೊತ್ತಿಗೆ ಇಲ್ಲಿ ಮೋಡವೂ ಇರುವುದಿಲ್ಲವಂತೆ. ನೀರು ದಿನಕ್ಕಿಷ್ಟು ಏರುತ್ತ ಜೊಂಡಿನೊಳಗೆ ನುಗ್ಗುತ್ತದೆ. ಮೀನು ಅಲ್ಲಿ ಮೊಟ್ಟೆಯಿಡುತ್ತವೆ. ವಿಧವೆ ಅಕ್ಕ ಆಗ ದೋಣಿಯಲ್ಲಿ ಹೋಗಿ ಜೊಂಡಿನ ಬುಟ್ಟಿಗಳನ್ನು ಮುಳುಗಿಸಿ ಮೀನು ಹಿಡಿಯುತ್ತಾಳೆ, ಹೊಗೆ ಹಾಕಿ ಒಣಗಿಸುತ್ತಾಳೆ. ನೀರಾನೆಯ ದಾರಿ ಯಾವುದೆಂದು ಅವಳಿಗೆ ಗೊತ್ತು, ಆ ದಾರಿಗೆ ಬುಟ್ಟಿ ಇಡುವುದಿಲ್ಲ. ಚಳಿಗಾಲಕ್ಕೆ ಯುರೋಪಿನಿಂದ ಬಾತುಗಳು ಬರುತ್ತವೆ, ಹೆಜ್ಜಾರ್ಲೆ ಬರುತ್ತವೆ, ಕೊಕ್ಕೇ ಚಮಚದಂತಿರುವ ಬಿಳಿ ಹಕ್ಕಿಗಳು ಬರುತ್ತವೆ. ನೀರು ಹಿಂದೆ ಸರಿಯತೊಡಗಿದಾಗ ಅಕ್ಕ ಅದರ ಬೆನ್ನು ಹಿಡಿಯುತ್ತಾಳೆ. ಇವತ್ತು ಬಿಟ್ಟುಹೋದ ಕೆಸರಿನಲ್ಲಿ ನಾಳೆ ಸಸಿ ನೆಡುತ್ತಾಳೆ. ಆಮೇಲೆ ಒಂದು ಹನಿ ಮಳೆ ಇಲ್ಲ. ಕೆಸರಿನ ಒಳಗಿನ ತೇವದಲ್ಲೇ ಬೆಳೆ ಬರುತ್ತದೆ. ಕೊಯ್ಲಾದ ಮೇಲೆ ದನಗಾಹಿಗಳು ಉತ್ತರದಿಂದ ದನ ಹೊಡೆದುಕೊಂಡು ಬಂದು ಕೂಳೆ ಮೇಯಿಸುತ್ತಾರೆ. ಉದುರಿದ ಕಾಳಿಗೆ ತಲೆಯ ಮೇಲೆ ಚಿನ್ನದ ಜುಟ್ಟಿರುವ ಕೊಕ್ಕರೆಗಳು ದನಗಳ ಕಾಲಸಂದಿಯಲ್ಲೇ ಓಡಾಡುತ್ತವೆ. ಸೆಗಣಿ ನೆಲದಲ್ಲಿ ಉಳಿಯುತ್ತದೆ. ಮತ್ತೆ ನೀರು ಬರುತ್ತದೆ, ಆ ಸೆಗಣಿಯ ಮೇಲೆ ಮೀನು ಕೊಬ್ಬುತ್ತವೆ.

"ಒಂದೇ ನೆಲ ಮದಾಮ್. ಮೀನಿನದೂ ಹೌದು, ದನದ್ದೂ ಹೌದು, ಹಕ್ಕಿಯದೂ ಹೌದು, ಅಕ್ಕನದೂ ಹೌದು. ಅವರವರ ತಿಂಗಳು ಬೇರೆ, ಅಷ್ಟೇ."

"ಹಾಗಾದರೆ ಗಡಿ ಎಲ್ಲಿ?" ಎಂದೆ, ಇನ್ನೂ ಸೋಲಲು ಮನಸ್ಸಿಲ್ಲದೆ.

"ಅಕ್ಕನನ್ನ ಕೇಳಿದರೆ, ನೀರು ಇವತ್ತು ಎಲ್ಲಿದೆಯೋ ಅಲ್ಲಿ ಅಂತಾಳೆ."

"ಏನು ಬೆಳೆಯುತ್ತಾರೆ?"

"ಸೋರ್ಗಂ. ಬಿಳಿದು."

ಜೋಳ! ಯವ್ವಾ ನನ್ನವ್ವಾ, ಜೋಳ. ನನ್ನ ಗಂಡನ ಮನೆ ವಿಜಾಪುರದ ಕಡೆ, ಎರೆಮಣ್ಣಿನ ಸೀಮೆ. ಅಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತುವ ಹಿಂಗಾರಿ ಬಿಳಿಜೋಳ ಬೆಳೆಯುವುದೂ ಹೀಗೇ, ಮಣ್ಣಿನೊಳಗಿನ ತೇವ ಕುಡಿದುಕೊಂಡು. ಆ ರೊಟ್ಟಿ ತಿಂದು ನಾನು ಸಂಸಾರ ಮಾಡಿದವಳು. ಹಾವೇರಿಯ ಕೆರೆ ಕಳ್ಳರ ಮೇಲಿನ ಸಿಟ್ಟನ್ನು ಹೊತ್ತುಕೊಂಡುಹೋಗಿ, ಕಂಡುಕೇಳರಿಯದ ಒಬ್ಬ ಹೆಂಗಸಿನ ತಲೆಯ ಮೇಲೆ ಸುರಿದಿದ್ದೆ. ಕೆರೆ ಎಂಬ ನನ್ನ ಪದವೇ ಅಲ್ಲಿಗೆ ಸಲ್ಲುತ್ತಿರಲಿಲ್ಲ. ಅಪ್ಪ ಒಂದೇ ಪ್ರಶ್ನೆಯಲ್ಲಿ ಹಿಡಿದದ್ದನ್ನು ನಾನು ತಿಂಗಳುಗಟ್ಟಲೆ ನೋಡಿಯೂ ಹಿಡಿದಿರಲಿಲ್ಲ.

"ಬದಲಾಯಿಸ್ತೀನಿ," ಎಂದೆ. "ನಕ್ಷೆಯನ್ನೂ, ಆ ಪದವನ್ನೂ."

"ಇದನ್ನ ಹಿಡಿದುಕೊಂಡು ಸರ್ಕಾರದ ಗಾರ್ಡುಗಳು ಬರ್ತಾರೆ ಮದಾಮ್. ಕಳ್ಳರು ಅಂತ ಬರೆದಿದ್ದರೆ ಅವರಿಗೆ ಮತ್ತೇನೂ ಬೇಕಾಗಿಲ್ಲ."

"ಬದಲಾಯಿಸ್ತೀನಿ ಅಂದೆನಲ್ಲ," ಎಂದು ಸ್ವಲ್ಪ ಒರಟಾಗಿಯೇ ಹೇಳಿದೆ.

ಗುರುವಾರ ಕೂತು ಕಂಪ್ಯೂಟರಿನಲ್ಲಿ ಬದಲಾಯಿಸಿಯೂ ಬಿಟ್ಟೆ. ಒತ್ತುವರಿ ತೆಗೆದು, ನೀರಿಳಿದ ನೆಲದ ಬೇಸಾಯ ಎಂದು ಹಾಕಿದೆ. ಆದರೆ ದೊಡ್ಡ ನಕ್ಷೆ ಆಗಲೇ ಅಚ್ಚಾಗಿ ಬಾಸ್‌ನ ಕೋಣೆಯಲ್ಲಿತ್ತು. ಹೊಸದನ್ನು ಅಚ್ಚು ಮಾಡಬೇಕೆಂದರೆ ಅವನ ಮುಂದೆ ಹೋಗಿ, ನೀನು ಹೊಗಳಿದ ನಕ್ಷೆ ತಪ್ಪು ಎನ್ನಬೇಕಿತ್ತು. ಅದೇ ಬೆಳಿಗ್ಗೆ ವಕೀಲರ ಕಾಗದ ಬಂದಿತ್ತು. ನಮ್ಮ ಅರ್ಜಿ ಅವನ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಾಳೆ ಹೇಳೋಣ ಎಂದುಕೊಂಡೆ.

ಶುಕ್ರವಾರ ಅವನು ಏರ್‌ಪೋರ್ಟಿಗೆ ಹೊರಟು ನಿಂತಿದ್ದ. ಆ ದೇಶದ ರಾಜಧಾನಿಗೇ ಹೋಗುವವನಿದ್ದ. ನನಗೆ ಹಿಂದಿನ ದಿನವೇ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಅವನು ನನ್ನೆದುರಿಗೇ ನಕ್ಷೆಯನ್ನು ಸುತ್ತಿ ರಟ್ಟಿನ ಕೊಳವೆಗೆ ತುಂಬಿದ. ಮುಚ್ಚಳ ಹಾಕಿ, ಅಂಗೈಯಿಂದ ಎರಡು ಸಲ ತಟ್ಟಿ, "ಮತ್ತೇನಾದರೂ ಇದೆಯಾ?" ಎಂದು ಕೇಳಿದ. ನನ್ನ ಬಾಯಿ ಎಂಥದ್ದೆಂದು ನಮ್ಮ ಓಣಿಗೆಲ್ಲ ಗೊತ್ತು. ತರಕಾರಿಯವಳ ಹತ್ತಿರ, ಕಂಡಕ್ಟರನ ಹತ್ತಿರ, ಅತ್ತೆಯ ಹತ್ತಿರ ಸೋಲದ ಬಾಯಿ. ಆ ಬಾಯಿಂದ ಹೊರಟದ್ದು, "ನಥಿಂಗ್. ಸೇಫ್ ಫ್ಲೈಟ್."

ಸೋಮವಾರ ಮಾಸ್ತರರು ಬಂದರು. ಕೋಟು ಬಿಚ್ಚುವ ಮೊದಲೇ ಕೇಳಿದರು, "ಮದಾಮ್, ಬದಲಾಯಿಸಿದಿರಾ?"

"ಹೌದು," ಎಂದೆ. ಕಂಪ್ಯೂಟರಿನಲ್ಲಿ ಬದಲಾಗಿತ್ತಲ್ಲ! ಸುಳ್ಳಿಗೆ ಇಂಥ ಒಂದು ಸಣ್ಣ ಊರುಗೋಲು ಸಿಕ್ಕರೆ ಸಾಕು, ಅದು ಬಹಳ ದೂರ ನಡೆಯುತ್ತದೆ. ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಫ್ರೆಂಚ್ ಅನುವಾದದಲ್ಲಿ ಸರಿಯಾದ ಪದವನ್ನೇ ಹಾಕಿದರು. ಅದು ಮುಗಿದು ಟಪಾಲಿನಲ್ಲಿ ಹೋಗುವಷ್ಟರಲ್ಲಿ ಬಾಸ್ ನಕ್ಷೆ ಕೊಟ್ಟು, ಕೈಕುಲುಕಿ, ವಾಪಸು ಬಂದಾಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆಡದೆ ಇದ್ದರೂ ಹೋಗುತ್ತದೆ.

ನಮ್ಮ ಅರ್ಜಿಗೆ ಸಹಿ ಬಿತ್ತು. ಗಂಡ ಸಿಹಿ ತಂದರು. ನಾನು ಮಾತ್ರ ಫ್ಯಾಕ್ಸ್ ಮೆಷಿನ್ನು ಕಿರ್ರೆಂದರೆ, ಅಲ್ಲಿಂದ ಏನಾದರೂ ಬಂತೇ ಎಂದು ಎಲ್ಲರಿಗಿಂತ ಮೊದಲು ಎದ್ದುಹೋಗಿ ನೋಡುತ್ತಿದ್ದೆ. ಆ ಬೇಸಿಗೆ, ಆ ಎಲೆ ಉದುರುವ ಕಾಲ ಪೂರ್ತಿ ನಾನು ಅಲ್ಲಿಯ ತಿಂಗಳುಗಳನ್ನೇ ಲೆಕ್ಕ ಹಾಕುತ್ತಿದ್ದೆ. ಬೆಲ್ಟ್‌ವೇಯಲ್ಲಿ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ, ಈಗ ನೀರು ಏರುತ್ತಿರಬೇಕು ಎಂದುಕೊಳ್ಳುವೆ. ಈಗ ಬಾತುಗಳು ಬಂದಿರಬೇಕು. ಈಗ ನೀರು ಇಳಿಯುತ್ತಿರಬೇಕು, ಈಗ ಅವಳು ಸಸಿ ನೆಡಲು ಹೊರಟಿರಬೇಕು. ಏನೂ ಆಗುವುದಿಲ್ಲ, ಯಾವ ಸರ್ಕಾರ ಯಾವ ವರದಿ ಓದುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮಾಸ್ತರರು ಎದುರಿಗೆ ಸಿಕ್ಕಾಗಲೆಲ್ಲ ನಗುತ್ತಿದ್ದರು. ನನಗೆ ಅವರ ಆ ನಗು ನೋಡಲಾಗುತ್ತಿರಲಿಲ್ಲ.

ವರ್ಷ ತಿರುಗಿ ಏಪ್ರಿಲಿನಲ್ಲಿ ಅವರಿಗೊಂದು ಕ್ಯಾಸೆಟ್ಟು ಬಂತು. ಓದುಬರಹವಿಲ್ಲದ ಅಕ್ಕ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿನಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದಳಂತೆ. ಊಟದ ಕೋಣೆಯಲ್ಲಿ ಅವರು ಅದನ್ನು ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಹಾಕಿದರು. ನನ್ನನ್ನು ಕರೆದು ಕೂರಿಸಿಕೊಂಡರು. ದಪ್ಪ ದನಿಯ ಹೆಂಗಸು, ಆತುರವಿಲ್ಲದೆ ಮಾತಾಡುತ್ತಿದ್ದಳು. ಅವರು ಅಲ್ಲಲ್ಲಿ ನಿಲ್ಲಿಸಿ ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ಸಸಿ ನೆಟ್ಟು ಹತ್ತು ದಿನಕ್ಕೆ ಗಾರ್ಡುಗಳು ಬಂದರಂತೆ. ಕೈಯಲ್ಲಿ ನಕ್ಷೆ. ಕೆಂಪು ಇರುವ ಕಡೆಯೆಲ್ಲ ಗೂಟ ಹೊಡೆದರಂತೆ. ಗೂಟದ ಒಳಗೆ ಯಾರೂ ನೆಡಬಾರದು, ದನ ಬರಬಾರದು, ಜೊಂಡಿನಲ್ಲಿ ಬುಟ್ಟಿ ಇಡಬಾರದು. ನೆಟ್ಟ ಜೋಳವನ್ನು ನೆಟ್ಟವರ ಕೈಯಿಂದಲೇ ಕೀಳಿಸಿದರಂತೆ. ಊರಿಗಿಂತ ಎತ್ತರದ ದಿಬ್ಬದಲ್ಲಿದ್ದ, ಮಳೆಗಾಲದಲ್ಲಿ ಬಿತ್ತುವ ಒಂದು ತುಂಡು ನೆಲ ಮಾತ್ರ ಗೆರೆಯ ಹೊರಗೆ ಉಳಿದದ್ದು. ಜುಟ್ಟಿನ ಕೊಕ್ಕರೆಗಳು ಬಂದು, ಕಾಳಿಲ್ಲದ ಬಯಲನ್ನು ಎರಡು ದಿನ ಸುತ್ತಿ ಹೊರಟುಹೋದವಂತೆ. ದನಗಾಹಿಗಳಿಗೂ ಊರವರಿಗೂ ಆ ದಿಬ್ಬದ ಹುಲ್ಲಿಗಾಗಿ ಹೊಡೆದಾಟವಾಗಿತ್ತು. ಇಷ್ಟು ವರ್ಷಗಳಲ್ಲಿ ಅದೇ ಮೊದಲಂತೆ.

ಅವರು ಟೇಪ್ ನಿಲ್ಲಿಸಿ ನನ್ನ ಕಡೆ ತಿರುಗಿದರು. ಈಗ ಬೈಯುತ್ತಾರೆ, ಬೈಯಲಿ ಎಂದು ಕಾದೆ.

"ನಿಮ್ಮ ತಪ್ಪಲ್ಲ ಮದಾಮ್," ಎಂದರು. "ನೀವು ಬದಲಾಯಿಸಿದಿರಿ. ಮೇಲಿನವರು ಹಳೇದನ್ನೇ ಕೊಟ್ಟಿದ್ದಾರೆ. ಅಕ್ಕನಿಗೆ ನಾನು ಆಗಲೇ ಹೇಳಿ ಕಳಿಸಿದ್ದೆ, ನಮ್ಮ ಆಫೀಸಿನಲ್ಲಿ ಭಾರತದ ಒಬ್ಬ ಹೆಂಗಸು ನಿನ್ನ ಪರವಾಗಿ ನಿಂತಿದ್ದಾಳೆ ಅಂತ."

ಹೇಳಿ, ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟರು. ಕ್ಯಾಸೆಟ್ಟಿನ ಜೊತೆ ಬಂದದ್ದು. ಗೆರೆಯ ಹೊರಗೆ ಉಳಿದ ಆ ತುಂಡು ನೆಲದ ಜೋಳ, ಎರಡು ಬೊಗಸೆಯಷ್ಟು. "ಆ ಹೆಂಗಸಿಗೆ ಕೊಡು ಅಂದಿದ್ದಾಳೆ," ಎಂದರು.

ಗಂಟು ಮುಟ್ಟಲು ನನಗೆ ಕೈ ಬರಲಿಲ್ಲ. ಅಳು ಒತ್ತಿಕೊಂಡು ಬಂತು, ಅದರ ಜೊತೆ ನನ್ನ ಮೇಲೆ ನನಗೇ ಹೇಸಿಗೆ. ಎಲ್ಲ ಹೇಳಿಬಿಟ್ಟೆ. ಗುರುವಾರ ಬದಲಾಯಿಸಿದ್ದು, ಶುಕ್ರವಾರ ಬಾಯಿ ಮುಚ್ಚಿಕೊಂಡದ್ದು, ಗ್ರೀನ್ ಕಾರ್ಡು, ಸೋಮವಾರದ ಸುಳ್ಳು. ಏನನ್ನೂ ಮುಚ್ಚಿಡಲಿಲ್ಲ.

ಅವರು ಕ್ಯಾಸೆಟ್ಟನ್ನು ಹೊರತೆಗೆದು ಡಬ್ಬಿಗೆ ಹಾಕಿದರು. ಟೇಪ್‌ರೆಕಾರ್ಡರಿನ ವೈರು ಸುತ್ತಿದರು.

"ಅಕ್ಕನಿಗೆ ನಿಜ ಹೇಳಿ," ಎಂದೆ. "ಇದನ್ನ ವಾಪಸ್ ತಗೊಳ್ಳಿ. ದಯವಿಟ್ಟು ಹೇಳಿಬಿಡಿ."

"ಇಲ್ಲ," ಎಂದರು. "ಅವಳ ಹೊಲ ಹೋಯಿತು, ಬುಟ್ಟಿ ಹೋಯಿತು. ಅಷ್ಟು ದೂರದ ದೇಶದಲ್ಲಿ, ಗುರುತಿಲ್ಲದ ಒಬ್ಬ ಹೆಂಗಸು ನನಗಾಗಿ ಜಗಳವಾಡಿದಳು ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡ್ತಿದ್ದಾಳೆ. ಅವಳಿಗೆ ಉಳಿದಿರೋದು ಅದೊಂದು. ಅದನ್ನೂ ನಾನು ಕಿತ್ಕೊಳ್ಳಲಾ?"

ಕೋಟು ಹಾಕಿಕೊಂಡು ಹೊರಟುಹೋದರು. ಜೋಳ ಮೇಜಿನ ಮೇಲೇ ಇತ್ತು. ಅದನ್ನು ಕಸಕ್ಕೆ ಹಾಕುವುದು ನನ್ನಿಂದಾಗಲಿಲ್ಲ. ಮನೆಗೆ ಒಯ್ದು, ಮಿಕ್ಸಿಗೆ ಹಾಕಿ, ನಾಕು ರೊಟ್ಟಿ ಬಡಿದೆ. ಅಲ್ಲಿಯ ಇಂಡಿಯನ್ ಅಂಗಡಿಯ ಹಳೇ ಹಿಟ್ಟಿನಲ್ಲಿ ರೊಟ್ಟಿ ಯಾವತ್ತೂ ಅಂಚು ಒಡೆಯುತ್ತಿತ್ತು. ಇದು ಕೈಗೆ ಚೆಂದ ಬಂತು. ಗಂಡ ಮೊದಲ ತುತ್ತಿಗೇ ಕಣ್ಣರಳಿಸಿ, "ಎಲ್ಲಿದ ಈ ಜ್ವಾಳ? ಕೊಟ್ಟವರಿಗೆ ಒಂದ್ ಥ್ಯಾಂಕ್ಸ್ ಹೇಳು," ಅಂದರು. ನಾನು ಎದುರಿಗೆ ಕೂತು ನನ್ನ ಪಾಲಿನದನ್ನು ತಿಂದೆ.

ಮಾಸ್ತರರು ಆ ತಿಂಗಳೇ ಕೆಲಸ ಬಿಟ್ಟರು. ನನಗಾಗಲೀ ಬೇರೆ ಯಾರಿಗಾಗಲೀ ವಿಳಾಸ ಕೊಡಲಿಲ್ಲ. ಅವರು ಅಕ್ಕನಿಗೆ ನಿಜ ಹೇಳಿರಲಾರರು, ಅವರ ಮಾತು ಗಟ್ಟಿ. ಹಾಗಾಗಿ ಆ ಊರಿನಲ್ಲಿ ನಾನು ಇವತ್ತಿಗೂ ಒಳ್ಳೆಯವಳು.